ಕಸದ ಗುಡ್ಡೆ ಪಕ್ಕದ ಮಣ್ಣಲ್ಲಿ ಗ್ಯಾಸ್ ಹರಿದಿದೆಯಾ? ಬ್ಯಾಕ್ಟೀರಿಯಾ ಎಣಿಸಿ ಹೇಳಬಹುದಾ?

ಕ್ವಾರಿ_ಅಂಚು

ಬೆಂಗಳೂರಿನ ಹೊರವಲಯದ ಹಳೇ ಕಲ್ಲುಕ್ವಾರಿ. ಸುಮಾರು 15 ಮೀಟರ್ ಆಳಕ್ಕೆ ಮಿಶ್ರ ಕಸ ತುಂಬಿ ಮೇಲೆ ಮಣ್ಣು ಹೊದಿಸಿದ್ದಾರೆ. ತಳದಲ್ಲಿ ಲೈನರ್ (ಸೋರದಂತೆ ಹಾಸುವ ಪದರ) ಇಲ್ಲ, ಗ್ಯಾಸ್ ಎಳೆಯುವ ಪೈಪೂ ಇಲ್ಲ. ಅಂಚಿನಿಂದ 120 ಮೀಟರ್ ದೂರಕ್ಕೆ ಲೇಔಟ್ ಶುರು.

ಲೇಔಟ್ ಕಡೆಗೆ 1 ಮೀಟರ್ ಆಳದ ತೂತು ಹೊಡೆದು ಕೈಮೀಟರ್ ಹಿಡಿದರೆ ಮೀಥೇನ್ ಸೊನ್ನೆ. ಅದೇ ತೂತಿನಲ್ಲಿ ಕಾರ್ಬನ್ ಡೈಆಕ್ಸೈಡ್ 11%, ಆಮ್ಲಜನಕ 6%. ಅಂಚಿನಿಂದ 20–40 ಮೀಟರ್ ನಡುವಿನ ಪಟ್ಟಿಯಲ್ಲಿ ಹುಲ್ಲು ಸುಟ್ಟಂತೆ ಒಣಗಿದೆ, ಆಚೆ ಈಚೆ ಹಸಿರಾಗಿಯೇ ಇದೆ.

ಮಣ್ಣಿನಲ್ಲಿ ಮೀಥೇನ್ ತಿನ್ನುವ ಬ್ಯಾಕ್ಟೀರಿಯಾ ಎಷ್ಟಿದೆ ಅಂತ ನೋಡಿದರೆ ಗ್ಯಾಸ್ ಈ ದಾರಿಯಲ್ಲಿ ಹೋಗಿದೆಯೋ ಇಲ್ಲವೋ ಗೊತ್ತಾಗುತ್ತಾ? ಲ್ಯಾಬ್‌ಗೆ ಏನಂತ ಕೇಳಬೇಕು? ಯಾವ ಆಳದ ಮಣ್ಣು, ಎಷ್ಟು ಸ್ಯಾಂಪಲ್?

ಮೀಥೇನ್‌ಮುಕ್ಕ

ಗೊತ್ತಾಗುತ್ತೆ, ಆದರೆ ಮೀಟರ್ ಹೇಳುವ ವಿಷಯವೇ ಬೇರೆ, ಬ್ಯಾಕ್ಟೀರಿಯಾ ಹೇಳುವುದೇ ಬೇರೆ. ಮೀಟರ್ ಹೇಳೋದು ಈ ನಿಮಿಷದ ಸಂಗತಿ. ಮೀಥೇನೋಟ್ರೋಫ್‌ಗಳ, ಅಂದರೆ ಮೀಥೇನ್ ತಿನ್ನುವ ಬ್ಯಾಕ್ಟೀರಿಯಾಗಳ ಸಂಖ್ಯೆ ಹೇಳೋದು ಕಳೆದ ಕೆಲವು ವಾರ, ತಿಂಗಳುಗಳಲ್ಲಿ ಆ ಜಾಗದಲ್ಲಿ ಮೀಥೇನ್ ಮತ್ತು ಆಮ್ಲಜನಕ ಎರಡೂ ಒಟ್ಟಿಗೆ ಸಿಕ್ಕಿವೆಯೋ ಇಲ್ಲವೋ ಅಂತ. ಗ್ಯಾಸ್ ಬಂದು ಹೋಗುವ ಜಾಗದಲ್ಲಿ ಮೀಟರ್ ಮೋಸ ಹೋಗಬಹುದು, ಬ್ಯಾಕ್ಟೀರಿಯಾ ಅಷ್ಟು ಸುಲಭಕ್ಕೆ ಮೋಸ ಹೋಗಲ್ಲ. ಹಾಗಂತ ಸಂಖ್ಯೆ ನೋಡಿ "ಇಲ್ಲಿ 3% ಮೀಥೇನ್ ಇತ್ತು" ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಬ್ಯಾಕ್ಟೀರಿಯಾ ತನಕ ಹೋಗುವ ಮುಂಚೆ, ನಿಮ್ಮ ರೀಡಿಂಗ್‌ನಲ್ಲೇ ಅರ್ಧ ಉತ್ತರ ಇದೆ. ಬೇರು ಮತ್ತು ಸಾಮಾನ್ಯ ಸೂಕ್ಷ್ಮಜೀವಿಗಳ ಉಸಿರಾಟದಲ್ಲಿ ಒಂದು ಪಾಲು ಆಮ್ಲಜನಕ ಹೋದರೆ ಸುಮಾರು ಒಂದು ಪಾಲು ಕಾರ್ಬನ್ ಡೈಆಕ್ಸೈಡ್ ಬರುತ್ತೆ. ಹಾಗಾಗಿ ಎರಡರ ಮೊತ್ತ 21ರ ಹತ್ತಿರವೇ ಇರುತ್ತೆ. ಮೀಥೇನ್ ಉರಿದಾಗ ಎರಡು ಪಾಲು ಆಮ್ಲಜನಕ ಖರ್ಚಾಗಿ ಒಂದೇ ಪಾಲು ಕಾರ್ಬನ್ ಡೈಆಕ್ಸೈಡ್ ಸಿಗುತ್ತೆ, ಉಳಿದದ್ದು ನೀರಾಗುತ್ತೆ.

ನಿಮ್ಮಲ್ಲಿ ಆಮ್ಲಜನಕ 21ರಿಂದ 6ಕ್ಕೆ ಬಂದಿದೆ, ಅಂದರೆ 15 ಖರ್ಚು. ಬರೀ ಉಸಿರಾಟ ಆಗಿದ್ದರೆ ಕಾರ್ಬನ್ ಡೈಆಕ್ಸೈಡ್ 15ರ ಹತ್ತಿರ ಇರಬೇಕಿತ್ತು, ಬರೀ ಮೀಥೇನ್ ಆಕ್ಸಿಡೇಷನ್ ಆಗಿದ್ದರೆ 7.5ರ ಹತ್ತಿರ. ನಿಮ್ಮದು 11, ನಡುವೆ ಕೂತಿದೆ. ಜೊತೆಗೆ ಉಳಿದ ಸಾರಜನಕ, ಆರ್ಗಾನ್ ಸೇರಿ 83%. ಗಾಳಿಯಲ್ಲಿ ಅದು 79. ಕಸದ ಗ್ಯಾಸ್ ಸುಮ್ಮನೆ ಬಂದು ತುಂಬಿಕೊಂಡಿದ್ದರೆ ಈ ಅಂಕಿ 79ಕ್ಕಿಂತ ಕೆಳಗಿರುತ್ತಿತ್ತು. ಮೇಲೆ ಹೋಗಿದೆ ಅಂದರೆ ಅಲ್ಲೇ ಗ್ಯಾಸ್ ತಿಂದು ಮುಗಿಸಿ ಗಾತ್ರ ಕುಗ್ಗಿದೆ. ಮೀಥೇನ್ ಸೊನ್ನೆ ಬಂದಿರುವುದಕ್ಕೆ ಇದೇ ಕಾರಣ ಇರಬಹುದು.

ಒಂದು ಎಚ್ಚರ: ಕಾರ್ಬನ್ ಡೈಆಕ್ಸೈಡ್ ನೀರಿನಲ್ಲಿ ಕರಗುತ್ತೆ, ಸುಣ್ಣ, ಸಿಮೆಂಟ್ ಪುಡಿ ಇದ್ದರೆ ಅದಕ್ಕೂ ಅಂಟಿಕೊಳ್ಳುತ್ತೆ. ತೂತು ಹೊಡೆದ ಜಾಗದಲ್ಲಿ ಕಟ್ಟಡ ಒಡೆದ ಡೆಬ್ರಿಸ್ ತುಂಬಿದ್ದರೆ ಈ ಲೆಕ್ಕ ಹಾಳು.

ಪ್ರೋಬ್_ಪಂಪ್

ಮೀಟರ್ ಯಾವುದು ಅನ್ನೋದು ಮೊದಲು ಹೇಳಿ. ಕ್ಯಾಟಲಿಟಿಕ್ ಬೀಡ್ ಸೆನ್ಸರ್ ಆಗಿದ್ದರೆ ಆ ಸೊನ್ನೆಗೆ ಬೆಲೆಯೇ ಇಲ್ಲ. ಆ ಸೆನ್ಸರ್ ಮೀಥೇನನ್ನು ಬಿಸಿ ಮಣಿಯ ಮೇಲೆ ಉರಿಸಿ ಅಳೆಯುತ್ತೆ, ಉರಿಯೋದಕ್ಕೆ ಆಮ್ಲಜನಕ ಬೇಕು. ಆಮ್ಲಜನಕ 10%ಗಿಂತ ಕೆಳಗೆ ಹೋದರೆ ಕಡಿಮೆ ತೋರಿಸುತ್ತೆ. ನಿಮ್ಮಲ್ಲಿ 6% ಇದೆ. ಹೈಡ್ರೋಜನ್ ಸಲ್ಫೈಡ್, ಸಿಲಿಕೋನ್ ಆವಿ ತಗುಲಿದರೆ ಮಣಿಯೇ ಸತ್ತುಹೋಗುತ್ತೆ, ಡಿಸ್‌ಪ್ಲೇ ಮಾತ್ರ ಖುಷಿಯಾಗಿ ಸೊನ್ನೆ ತೋರಿಸ್ತಾ ಇರುತ್ತೆ. ಇಂಥ ಕಡೆ ಇನ್‌ಫ್ರಾರೆಡ್ ಸೆನ್ಸರ್ ಇರುವ ಲ್ಯಾಂಡ್‌ಫಿಲ್ ಗ್ಯಾಸ್ ಅನಲೈಜರ್ ಬೇಕು.

ಎರಡನೆಯದು, ತೂತು ಹೊಡೆದ ತಕ್ಷಣ ಟ್ಯೂಬ್ ಇಳಿಬಿಟ್ಟರೆ ಮೇಲಿನ ಗಾಳಿಯೇ ಬರುತ್ತೆ. ತುದಿಯಲ್ಲಿ ರಂಧ್ರವಿರುವ ಸ್ಟೀಲ್ ಪ್ರೋಬ್ ಇಳಿಸಿ, ಸುತ್ತ ನೆನೆಸಿದ ಬೆಂಟೋನೈಟ್ (ನೀರಲ್ಲಿ ಉಬ್ಬುವ ಜೇಡಿ) ಮೆತ್ತಿ, ಅರ್ಧ ಗಂಟೆ ಬಿಡಿ. 6 ಮಿ.ಮೀ. ಒಳವ್ಯಾಸದ ಟ್ಯೂಬ್ 1.5 ಮೀಟರ್ ಉದ್ದ ಇದ್ದರೆ ಒಳಗೆ ಸುಮಾರು 42 ಮಿಲಿ ಹಿಡಿಯುತ್ತೆ. ಮೂರು ಪಟ್ಟು, ಅಂದರೆ 130 ಮಿಲಿಯಷ್ಟು ಎಳೆದು ಚೆಲ್ಲಿ, ಆಮೇಲೆ ಓದಿ. ಜಾಸ್ತಿ ಎಳೆದರೂ ತಪ್ಪು, ಮೇಲಿಂದ ಗಾಳಿ ಸೋರಿ ಬರುತ್ತೆ.

ಮೂರನೆಯದು, ವಾಯುಭಾರ. ಒತ್ತಡ ಇಳಿಯುತ್ತಿರುವಾಗ ನೆಲ ಗ್ಯಾಸ್ ಉಗುಳುತ್ತೆ, ಏರುತ್ತಿರುವಾಗ ಗಾಳಿ ಒಳಗೆಳೆಯುತ್ತೆ. ಇಂಗ್ಲೆಂಡಿನ ಡರ್ಬಿಶೈರ್‌ನ ಲೋಸ್ಕೋದಲ್ಲಿ 1986ರ ಮಾರ್ಚ್ 24ರ ಬೆಳಗ್ಗೆ ಮನೆಯೊಂದು ಸ್ಫೋಟಿಸಿ ನೆಲಸಮ ಆಯ್ತು, ಒಳಗಿದ್ದ ಮೂವರಿಗೆ ಗಾಯವಾಯ್ತು. ಅಲ್ಲಿನ ಕಸ ತುಂಬಿದ್ದೂ ಹಳೇ ಕ್ವಾರಿಗೇ, ಮನೆ ಇದ್ದದ್ದು ಅದರಿಂದ ಸುಮಾರು 70 ಮೀಟರ್ ದೂರದಲ್ಲಿ. ಸ್ಫೋಟಕ್ಕೆ ಮುಂಚಿನ ಏಳು ಗಂಟೆಗಳಲ್ಲಿ ವಾಯುಭಾರ ಸುಮಾರು 29 ಮಿಲಿಬಾರ್ ಇಳಿದಿತ್ತು. ಅಷ್ಟು ಕುಸಿತ ಬೆಂಗಳೂರಲ್ಲಿ ಆಗಲ್ಲ, ನಿಜ. ಆದರೆ ನಮ್ಮಲ್ಲಿ ದಿನಕ್ಕೆ ಎರಡು ಸಲ ಒತ್ತಡ ಕೆಲವು ಮಿಲಿಬಾರ್ ಏರಿಳಿಯುತ್ತೆ, ಬೆಳಗ್ಗೆ 10ರ ಸುಮಾರಿಗೆ ಹೆಚ್ಚು, ಸಂಜೆ 4ರ ಸುಮಾರಿಗೆ ಕಡಿಮೆ. ಬೆಳಗ್ಗೆ 9ಕ್ಕೆ ಅಳೆದು ಮನೆಗೆ ಹೋಗುವವರಿಗೆ ಸೊನ್ನೆ ಸಿಗೋದರಲ್ಲಿ ಆಶ್ಚರ್ಯ ಇಲ್ಲ. ಮಧ್ಯಾಹ್ನ 2ರಿಂದ 4ರ ನಡುವೆ ಮತ್ತೆ ಅಳೆಯಿರಿ.

ಕ್ವಾರಿ_ಅಂಚು

ಮೀಟರ್ ಕ್ಯಾಟಲಿಟಿಕ್‌ದೇ. ಇನ್‌ಫ್ರಾರೆಡ್ ಬಾಡಿಗೆಗೆ ಸಿಗುತ್ತೆ, ತರಿಸಬಹುದು. ಜೊತೆಗೆ ಮಣ್ಣೂ ತೆಗೆಯೋಣ ಅಂತಿದ್ದರೆ ಹೇಗೆ ತೆಗೆಯೋದು?

ಕೆಂಪುಮಣ್ಣು

ಸ್ಯಾಂಪ್ಲಿಂಗ್‌ನಲ್ಲೇ ಮುಕ್ಕಾಲು ಕೆಲಸ ಕೆಡೋದು, ಹಾಗಾಗಿ ಸ್ವಲ್ಪ ಉದ್ದ ಬರೀತೀನಿ.

ಗುಡ್ಡೆಯ ಅಂಚಿನಿಂದ ಲೇಔಟ್ ಕಡೆಗೆ ಮೂರು ಗೆರೆ ಎಳೆಯಿರಿ. ಒಂದು ಗೆರೆ ಒಣಗಿದ ಹುಲ್ಲಿನ ಪಟ್ಟಿ ದಾಟಿ ಹೋಗಲೇಬೇಕು. ಪ್ರತಿ ಗೆರೆಯಲ್ಲಿ 5, 15, 30, 60, 120 ಮೀಟರ್. ದೂರ ಹೆಚ್ಚಿದಂತೆ ಅಂತರ ಹೆಚ್ಚಿಸಿದರೆ ಇಳಿಕೆ ಚೆನ್ನಾಗಿ ಕಾಣುತ್ತೆ. ಇದರ ಜೊತೆಗೆ ಹಿನ್ನೆಲೆ ಮಣ್ಣು ಕನಿಷ್ಠ ಮೂರು ಜಾಗದಿಂದ, ಗುಡ್ಡೆಯಿಂದ 500 ಮೀಟರ್‌ಗೂ ಆಚೆ, ಅದೇ ಬಗೆಯ ಮಣ್ಣು, ಅದೇ ಬಗೆಯ ಬಳಕೆ ಇರುವ ಕಡೆ. ಇಲ್ಲಿ ಬೀಳು ನೆಲ, ಅಲ್ಲಿ ರಾಗಿ ಹೊಲ ಹೋಲಿಸಿದರೆ ಆ ಹೋಲಿಕೆಗೆ ಅರ್ಥವಿಲ್ಲ. ಹಿನ್ನೆಲೆ ಇಲ್ಲದ ಸಂಖ್ಯೆಯಿಂದ ಏನೂ ಹೇಳಲಾಗದು.

ಆಳದ ವಿಚಾರ. ಮೀಥೇನ್ ಕೆಳಗಿಂದ ಬರುತ್ತೆ, ಆಮ್ಲಜನಕ ಮೇಲಿಂದ. ಎರಡೂ ಸಂಧಿಸುವ ಮಟ್ಟದಲ್ಲೇ ಬ್ಯಾಕ್ಟೀರಿಯಾ ದಟ್ಟವಾಗಿ ಕೂರುತ್ತವೆ. ಗುಡ್ಡೆಯ ಮೇಲ್ಮಣ್ಣಿನಲ್ಲಿ ಅದು ಸಾಮಾನ್ಯವಾಗಿ 10–30 ಸೆಂ.ಮೀ. ಅಡ್ಡಕ್ಕೆ ಸರಿಯುವ ಗ್ಯಾಸ್ ಹುಡುಕುವಾಗ ಇನ್ನೂ ಕೆಳಗೆ ಇರಬಹುದು. 15, 40, 80 ಸೆಂ.ಮೀ. ಮೂರೂ ತೆಗೆದರೆ 45, ಹಿನ್ನೆಲೆ 9 ಸೇರಿ 54 ಸ್ಯಾಂಪಲ್. ದುಡ್ಡು ಸಾಲದಿದ್ದರೆ 15 ಬಿಡಿ, 40 ಮತ್ತು 80 ಇಟ್ಟುಕೊಳ್ಳಿ, 36ಕ್ಕೆ ಮುಗಿಯುತ್ತೆ. ಏಪ್ರಿಲ್‌ನಲ್ಲಿ ನಮ್ಮ ಕೆಂಪು ಮಣ್ಣಿನ ಮೇಲಿನ ಗೇಣುದ್ದ ಬೂದಿಯಂತೆ ಒಣಗಿರುತ್ತೆ, ತೇವ 5%ಕ್ಕಿಂತ ಇಳಿದರೆ ಮೀಥೇನ್ ತಿನ್ನುವ ಕೆಲಸ ಬಹುತೇಕ ನಿಂತೇಹೋಗುತ್ತೆ. ಅಲ್ಲಿಂದ ಬಂದ ಕಡಿಮೆ ಸಂಖ್ಯೆ ನೋಡಿ ಗ್ಯಾಸ್ ಇಲ್ಲ ಅನ್ನೋಕಾಗಲ್ಲ.

ಕಾಲ ಆರಿಸಬಹುದಾದರೆ ಮಳೆಗಾಲದ ಕೊನೆ, ಅಕ್ಟೋಬರ್–ನವೆಂಬರ್. ಮೇಲ್ಮಣ್ಣು ನೀರು ಕುಡಿದು ರಂಧ್ರ ಮುಚ್ಚಿದಾಗ ಗ್ಯಾಸ್‌ಗೆ ಮೇಲೆ ಹೋಗಲು ದಾರಿ ಇರಲ್ಲ, ಅಡ್ಡಕ್ಕೆ ಹರಿಯುತ್ತೆ. ಅದರ ಗುರುತು ಆಗ ಹೊಸದಾಗಿ ಇರುತ್ತೆ.

ಆಗರ್‌ನಲ್ಲಿ, ಅಂದರೆ ಮಣ್ಣು ಕೊರೆದು ತೆಗೆಯುವ ಸಲಕರಣೆಯಲ್ಲಿ ತೆಗೆಯಿರಿ, 5 ಸೆಂ.ಮೀ. ವ್ಯಾಸದ್ದು ಸಾಕು. ಪ್ರತಿ ಜಾಗದಲ್ಲೂ ಒಂದು ಮೀಟರ್ ಅಂತರದೊಳಗೆ ಮೂರು ತೂತು, ಒಂದೇ ಆಳದ ಮಣ್ಣನ್ನು ಬೆರೆಸಿ ಒಂದು ಸ್ಯಾಂಪಲ್. ದೂರದ ತೂತಿನಿಂದ ಶುರು ಮಾಡಿ ಗುಡ್ಡೆ ಕಡೆಗೆ ಬನ್ನಿ, ಕೊಳೆಯಾದ ಆಗರ್ ಶುಚಿ ಜಾಗಕ್ಕೆ ಹೋಗದಿರಲಿ. ನಡುನಡುವೆ ನೀರಲ್ಲಿ ತೊಳೆದು, 70% ಎಥನಾಲ್ ಒರೆಸಿ, ಆರಲು ಬಿಡಿ. ಪ್ರೋಬ್ ಕೆಲಸ ನಡೆಯುವ ಜಾಗದಲ್ಲಿ ಬೆಂಕಿ ಹಚ್ಚಿ ಸ್ಟೆರಿಲೈಜ್ ಮಾಡೋ ಸಾಹಸ ಬೇಡ.

ಮಣ್ಣನ್ನು ಎರಡು ಪಾಲು ಮಾಡಿ. ಡಿಎನ್‌ಎಗೆ 5–10 ಗ್ರಾಂ ಟ್ಯೂಬ್‌ನಲ್ಲಿ ಹಾಕಿ ಐಸ್ ಮೇಲೆ ಇಟ್ಟು ಅವತ್ತೇ −20 ಡಿಗ್ರಿಗೆ. ಚಟುವಟಿಕೆ ಅಳೆಯಲು 200 ಗ್ರಾಂ ಜಿಪ್ ಕವರ್‌ನಲ್ಲಿ, 4 ಡಿಗ್ರಿಯಲ್ಲಿ, ಫ್ರೀಜ್ ಮಾಡದೆ, ಒಂದು ವಾರದೊಳಗೆ ಬಳಸಬೇಕು. ಬಿಸಿಲಲ್ಲಿ ಒಣಗಿಸಿ ಕುಟ್ಟಿ ಕೊಡೋದು ಕೃಷಿ ಲ್ಯಾಬ್‌ನ ಅಭ್ಯಾಸ, ಇಲ್ಲಿ ಹಾಗೆ ಮಾಡಿದರೆ ಎಲ್ಲ ಮುಗೀತು. ಪ್ರತಿ ಸ್ಯಾಂಪಲ್‌ಗೂ ತೇವಾಂಶ, ಪಿಎಚ್, ಅಮೋನಿಯಂ ಅಳೆಸಿ. ಅಮೋನಿಯಂ ಯಾಕೆ ಅಂತ ಬೇರೆಯವರು ಹೇಳ್ತಾರೆ.

ಬಿರುಕುಬಂಡೆ

ಎಲ್ಲ ಸರಿ, ಆದರೆ ಇದು ಕ್ವಾರಿ ಸ್ವಾಮಿ. ಪೆನಿನ್ಸುಲರ್ ನೈಸ್ ಬಂಡೆ. ಇಲ್ಲಿ ಗ್ಯಾಸ್ ಹರಿಯೋದು ಮಣ್ಣಿನ ರಂಧ್ರದಲ್ಲಿ ಅಲ್ಲ, ಬಂಡೆಯ ಸೀಳುಗಳಲ್ಲಿ. ಅದೂ ಸ್ಫೋಟಕ ಇಟ್ಟು ಸಿಡಿಸಿದ ಗೋಡೆ, ಮೊದಲ ಕೆಲವು ಮೀಟರ್ ಎಲ್ಲ ಬಿರುಕೇ. 5, 15, 30 ಮೀಟರ್‌ನಲ್ಲಿ ಸ್ವಚ್ಛವಾಗಿ ಕಂಡು 90 ಮೀಟರ್‌ನಲ್ಲಿ ಒಂದು ಸೀಳಿನ ಮೇಲೆ ಗ್ಯಾಸ್ ಮೇಲೆ ಬರಬಹುದು. ದೂರಕ್ಕೆ ತಕ್ಕಂತೆ ಇಳಿಯುತ್ತೆ ಅನ್ನೋ ಲೆಕ್ಕ ಬಂಡೆಗೆ ಗೊತ್ತಿಲ್ಲ. ಕ್ವಾರಿ ಗೋಡೆಯಲ್ಲಿ ಕಾಣುವ ಸೀಳುಗಳ ದಿಕ್ಕು ಕಾಂಪಸ್ಸಿನಲ್ಲಿ ಅಳೆದು, ಆ ದಿಕ್ಕಿನಲ್ಲಿ ಗೆರೆ ಎಳೆಯಿರಿ. ನಡುವೆ ಬೋರ್‌ವೆಲ್‌ಗಳಿದ್ದರೆ ಕೇಸಿಂಗ್ ಬಾಯಿಯಲ್ಲೂ ಗ್ಯಾಸ್ ಅಳೆಯಿರಿ, ಸೀಳಿಗೆ ನೇರ ಕಿಟಕಿ ಅದೇ.

ಇನ್ನೊಂದು ಆಕ್ಷೇಪ. ಮೀಥೇನ್ ತಿನ್ನುವ ಬ್ಯಾಕ್ಟೀರಿಯಾ ಎಲ್ಲಿಲ್ಲ? ಭತ್ತದ ಗದ್ದೆ, ಕೆರೆ ಅಂಗಳ, ತಿಪ್ಪೆ, ಸೆಪ್ಟಿಕ್ ಟ್ಯಾಂಕ್ ಪಕ್ಕ, ಒಡೆದ ಒಳಚರಂಡಿ ಪೈಪ್ ಪಕ್ಕ, ಎಲ್ಲ ಕಡೆ ಇವೆ. ಹೈದರಾಬಾದಿನ ಎನ್‌ಜಿಆರ್‌ಐಯವರು (ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆ) ತೈಲ ನಿಕ್ಷೇಪ ಹುಡುಕಲು ಮಣ್ಣಿನ ಬ್ಯಾಕ್ಟೀರಿಯಾ ಎಣಿಸುವಾಗ ಪ್ರೋಪೇನ್, ಬ್ಯೂಟೇನ್ ತಿನ್ನುವವುಗಳ ಮೇಲೆ ಒತ್ತು ಕೊಡೋದು ಇದೇ ಕಾರಣಕ್ಕೆ. ಮೀಥೇನ್ ಯಾವ ಜೌಗಿನಲ್ಲಾದರೂ ಹುಟ್ಟುತ್ತೆ, ಪ್ರೋಪೇನ್ ಹಾಗೆ ಹುಟ್ಟಲ್ಲ.

ಮೀಥೇನ್‌ಮುಕ್ಕ

@ಬಿರುಕುಬಂಡೆ ಸೀಳಿನ ಮಾತು ಒಪ್ಪಿದೆ. ಹಾಗಿದ್ದರೆ ಒಂದು ಗೆರೆಯನ್ನು ಅಂಚಿಗೆ ಸಮಾನಾಂತರವಾಗಿ 60 ಮೀಟರ್ ದೂರದಲ್ಲಿ ಎಳೆದು 10 ಮೀಟರ್‌ಗೊಂದು ತೂತು ಹೊಡೆಯೋದು ವಾಸಿ. ಸೀಳು ಎಲ್ಲಿ ದಾಟಿದರೂ ಸಿಕ್ಕಿಬೀಳುತ್ತೆ.

ಬೇರೆ ಮೂಲದ ಮೀಥೇನ್ ಬಗ್ಗೆ: ಅದಕ್ಕೆ ಎರಡು ಜೀನ್ ಒಟ್ಟಿಗೆ ಕೇಳಿ. ಪಿಎಂಒಎ ಅಂದರೆ ಮೀಥೇನ್ ತಿನ್ನುವವುಗಳ ಗುರುತು, ಎಂಸಿಆರ್‌ಎ ಅಂದರೆ ಮೀಥೇನ್ ತಯಾರಿಸುವ ಆರ್ಕಿಯಾಗಳ ಗುರುತು. ಸೆಪ್ಟಿಕ್ ಟ್ಯಾಂಕ್ ಪಕ್ಕದ ಮಣ್ಣಲ್ಲಿ, ಗದ್ದೆಯಲ್ಲಿ ಎರಡೂ ಏರಿರುತ್ತವೆ. ಪಿಎಂಒಎ ಏರಿ ಎಂಸಿಆರ್‌ಎ ಹಿನ್ನೆಲೆ ಮಟ್ಟದಲ್ಲೇ ಇದ್ದರೆ ಮೀಥೇನ್ ಅಲ್ಲಿ ಹುಟ್ಟಿದ್ದಲ್ಲ, ಬೇರೆ ಕಡೆಯಿಂದ ಬಂದದ್ದು. ಲೀಚೇಟ್, ಅಂದರೆ ಕಸದಿಂದ ಸೋರುವ ಕೊಳೆನೀರು ಹರಿದ ಜಾಗದಲ್ಲಿ ಮಾತ್ರ ಈ ತರ್ಕ ಕೈಕೊಡುತ್ತೆ, ಅಲ್ಲಿ ಎರಡೂ ಇರುತ್ತವೆ.

ಕೊಳವೆ ಅಡುಗೆ ಗ್ಯಾಸ್ ಬಂದಿರುವ ಲೇಔಟ್ ಆದರೆ ಅದರ ಸೋರಿಕೆಯನ್ನೂ ಬೇರ್ಪಡಿಸಬೇಕು. ನೈಸರ್ಗಿಕ ಅನಿಲದಲ್ಲಿ ಈಥೇನ್ ಇರುತ್ತೆ, ಕಸದ ಗ್ಯಾಸ್‌ನಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಇದಕ್ಕೆ ಬ್ಯಾಕ್ಟೀರಿಯಾ ಬೇಡ, ಅನಿಲಗಳನ್ನು ಬೇರ್ಪಡಿಸಿ ಅಳೆಯುವ ಗ್ಯಾಸ್ ಕ್ರೊಮ್ಯಾಟೋಗ್ರಾಫ್‌ನಲ್ಲಿ ಈಥೇನ್ ಗೆರೆ ನೋಡಿದರೆ ಸಾಕು.

ಈಗ ಕ್ಯೂಪಿಸಿಆರ್, ಅಂದರೆ ಮಣ್ಣಿನ ಡಿಎನ್‌ಎಯಲ್ಲಿ ಒಂದು ಜೀನಿನ ಎಷ್ಟು ಪ್ರತಿ ಇವೆ ಅಂತ ಎಣಿಸುವ ಪರೀಕ್ಷೆ. ಲ್ಯಾಬ್‌ನವರು ಪ್ರೈಮರ್ (ಬೇಕಾದ ಜೀನನ್ನು ಗುರುತಿಸಿ ಹಿಡಿಯುವ ಡಿಎನ್‌ಎ ತುಣುಕು) ಯಾವುದು ಹಾಕ್ತಾರೆ ಅಂತ ಬರೆಸಿಕೊಳ್ಳಿ. ಎ189ಎಫ್ ಜೊತೆ ಎ682ಆರ್ ಹಾಕಿದರೆ ಅಮೋನಿಯಾ ತಿನ್ನುವ ಬ್ಯಾಕ್ಟೀರಿಯಾದ ಎಎಂಒಎ ಜೀನೂ ಎಣಿಕೆಗೆ ಬಂದುಬಿಡುತ್ತೆ, ಎರಡೂ ಕಿಣ್ವಗಳು ಹತ್ತಿರದ ಸಂಬಂಧಿಗಳು. ಕಸದ ಗುಡ್ಡೆ ಪಕ್ಕದಲ್ಲಿ ಅಮೋನಿಯಂ ಯಥೇಚ್ಛ, ಹಾಗಾಗಿ ಇಲ್ಲೇ ಈ ತಪ್ಪು ದುಬಾರಿ. ಎ189ಎಫ್ ಜೊತೆ ಎಂಬಿ661ಆರ್ ಹಾಕಿಸಿ. ಅಮೋನಿಯಂ ಇನ್ನೊಂದು ಕಿತಾಪತಿಯನ್ನೂ ಮಾಡುತ್ತೆ: ಮೀಥೇನ್ ತಿನ್ನಲು ಬೇಕಾದ ಕಿಣ್ವವಾದ ಮೀಥೇನ್ ಮೊನೊಆಕ್ಸಿಜಿನೇಸ್‌ಗೆ ಮೀಥೇನ್ ಬದಲು ಅದೇ ಹೋಗಿ ಅಂಟಿಕೊಂಡು ಕೆಲಸ ತಡೆಯುತ್ತೆ. ಜೀನ್ ಸಂಖ್ಯೆ ಹೆಚ್ಚು, ಬಾಟಲಿ ಪರೀಕ್ಷೆಯಲ್ಲಿ (ಮಣ್ಣನ್ನು ಮೀಥೇನ್ ಜೊತೆ ಬಾಟಲಿಯಲ್ಲಿ ಮುಚ್ಚಿಟ್ಟು ಮೀಥೇನ್ ಎಷ್ಟು ಬೇಗ ಇಳಿಯುತ್ತೆ ಅಂತ ನೋಡೋದು) ಚಟುವಟಿಕೆ ಕಡಿಮೆ ಬಂದರೆ ಮೊದಲು ಅಮೋನಿಯಂ ಅಂಕಿ ನೋಡಿ.

ಮೀಥೈಲೋಸೆಲ್ಲಾ ಎಂಬ ಕುಲಕ್ಕೆ ಪಿಎಂಒಎ ಇಲ್ಲವೇ ಇಲ್ಲ, ಕರಗುವ ಕಿಣ್ವದ ಎಂಎಂಒಎಕ್ಸ್ ಮಾತ್ರ. ಆಮ್ಲೀಯ ಮಣ್ಣಾದರೆ ಅದನ್ನೂ ಸೇರಿಸಿ, ಇಲ್ಲದಿದ್ದರೆ ಬಿಡಬಹುದು.

ಕೆಂಪು ಜೇಡಿಯಿಂದ ಡಿಎನ್‌ಎ ಪೂರ್ತಿ ಬಿಡಿಸಿಕೊಳ್ಳಲ್ಲ, ಕಪ್ಪು ಕೊಳೆಮಣ್ಣಿನಲ್ಲಿ ಹ್ಯೂಮಿಕ್ ಆಮ್ಲ ಬಂದು ಪಿಸಿಆರ್ ನಿಲ್ಲಿಸುತ್ತೆ. ಡಿಎನ್‌ಎಯನ್ನು ಹಾಗೇ, 10 ಪಟ್ಟು ತೆಳುವಾಗಿಸಿ, 50 ಪಟ್ಟು ತೆಳುವಾಗಿಸಿ, ಮೂರೂ ಓಡಿಸಿ. 10 ಪಟ್ಟು ತೆಳುವಾದಾಗ ಸಂಖ್ಯೆ ಹತ್ತರಲ್ಲೊಂದು ಆಗಬೇಕು. ಆಗದೆ ಹಾಗೇ ನಿಂತರೆ ಅಥವಾ ಏರಿದರೆ ಮೊದಲ ಅಂಕಿ ಸುಳ್ಳು, ಅಡಚಣೆ ಇದೆ. ಸ್ಟ್ಯಾಂಡರ್ಡ್ ಕರ್ವ್‌ನ ದಕ್ಷತೆ 90–110% ನಡುವೆ ಇಲ್ಲದ ವರದಿ ವಾಪಸ್ ಕಳಿಸಿ. ಫಲಿತಾಂಶ "ಒಂದು ಗ್ರಾಂ ಒಣ ಮಣ್ಣಿಗೆ ಇಷ್ಟು ಪ್ರತಿ" ಅಂತಲೇ ಬರಲಿ. ಹಸಿ ಮಣ್ಣಿನ ಲೆಕ್ಕ ಕೊಟ್ಟರೆ ಎರಡು ಜಾಗ ಹೋಲಿಸಲಾಗದು. ಹೆಚ್ಚಿನ ಮೀಥೇನೋಟ್ರೋಫ್‌ಗಳಲ್ಲಿ ಈ ಜೀನಿನ ಎರಡು ಪ್ರತಿ ಇರುತ್ತವೆ, ಕೋಶಗಳ ಸಂಖ್ಯೆ ಅಂತ ಓದುವಾಗ ಅರ್ಧ ಮಾಡಿ.

ಹಿನ್ನೆಲೆಗಿಂತ ಎರಡು ಪಟ್ಟು ಜಾಸ್ತಿ ಬಂತು ಅಂತ ಹಿಗ್ಗಬೇಡಿ, ಕ್ಯೂಪಿಸಿಆರ್ ಮತ್ತು ಮಣ್ಣಿನ ಸಹಜ ಏರುಪೇರಿನಲ್ಲೇ ಅಷ್ಟು ಇರುತ್ತೆ. ಹತ್ತು ಪಟ್ಟು, ಅದೂ ಪಕ್ಕಪಕ್ಕದ ಎರಡು ಮೂರು ಬಿಂದುಗಳಲ್ಲಿ ಬಂದರೆ ಮಾತಾಡೋಣ.

ಓದುಗ_ಹಾಸನ

ಎಲ್ಲರೂ ಈಗ 16ಎಸ್ ಸೀಕ್ವೆನ್ಸಿಂಗ್ ಮಾಡಿಸ್ತಾರಲ್ಲ, ಒಂದೇ ಸಲಕ್ಕೆ ಎಲ್ಲ ಬ್ಯಾಕ್ಟೀರಿಯಾ ಪಟ್ಟಿ ಬರುತ್ತೆ. ಅದು ಸಾಕಾಗಲ್ವಾ?

ಮೀಥೇನ್‌ಮುಕ್ಕ

ಪಟ್ಟಿ ಬರುತ್ತೆ, ಎಣಿಕೆ ಬರಲ್ಲ. 16ಎಸ್ ಕೊಡೋದು ಶೇಕಡಾವಾರು. ಉಳಿದವು ಸತ್ತು ಕಡಿಮೆಯಾದರೂ ಮೀಥೈಲೋಬ್ಯಾಕ್ಟರ್ ಶೇಕಡಾ ಏರಿದಂತೆ ಕಾಣುತ್ತೆ. ಮೊದಲ ಗುಂಪಿನವು, ಮೀಥೈಲೋಬ್ಯಾಕ್ಟರ್, ಮೀಥೈಲೋಮೋನಾಸ್ ಥರದವು, ಹೆಚ್ಚೋ ಎರಡನೇ ಗುಂಪಿನ ಮೀಥೈಲೋಸಿಸ್ಟಿಸ್, ಮೀಥೈಲೋಸೈನಸ್ ಹೆಚ್ಚೋ ಅಂತ ನೋಡಲು ಚೆನ್ನಾಗಿದೆ. ಎರಡನೇ ಗುಂಪಿನವು ಸಿಸ್ಟ್, ಸ್ಪೋರ್ ಥರದ ರೂಪ ತಾಳಿ ಗ್ಯಾಸ್ ನಿಂತ ಮೇಲೂ ಬಹಳ ಕಾಲ ಉಳಿಯಬಲ್ಲವು. ಹಳೇ ಗುರುತೋ ಹೊಸದೋ ಎಂಬ ಅನುಮಾನ ಬಂದಾಗ ಬಾಟಲಿ ಪರೀಕ್ಷೆ ಬೇಕಾಗೋದು ಇದಕ್ಕೇ.

ಮೀಥೈಲೋಬ್ಯಾಕ್ಟೀರಿಯಂ ಮತ್ತು ಮೀಥೈಲೋಬ್ಯಾಕ್ಟರ್ ಬೇರೆ ಬೇರೆ ಅನ್ನೋದೂ ನೆನಪಿರಲಿ. ಮೊದಲನೆಯದು ಎಲೆಯ ಮೇಲೂ ಬೆಳೆಯುವ ಗುಲಾಬಿ ಬಣ್ಣದ್ದು, ಮೆಥನಾಲ್ ತಿನ್ನುತ್ತೆ. ವರದಿಯಲ್ಲಿ ಅದು ಜಾಸ್ತಿ ಕಂಡು ಗ್ಯಾಸ್ ಇದೆ ಅಂತ ಬರೆದುಬಿಡುವವರಿದ್ದಾರೆ.

ಸೀರಂ_ಬಾಟಲಿ

ಬಾಟಲಿ ಪರೀಕ್ಷೆ ಪೂರ್ತಿ ಬರೀತೀನಿ. ಗ್ಯಾಸ್ ಕ್ರೊಮ್ಯಾಟೋಗ್ರಾಫ್ ಇರುವ ಯಾವ ಕಾಲೇಜಿನಲ್ಲೂ ಮಾಡಬಹುದು.

120 ಮಿಲಿ ಸೀರಂ ಬಾಟಲಿ, ಬೂದು ಬ್ಯೂಟೈಲ್ ರಬ್ಬರ್ ಬಿರಡೆ, ಅಲ್ಯೂಮಿನಿಯಂ ಕ್ರಿಂಪ್. ಕೆಂಪು ಸಾಮಾನ್ಯ ರಬ್ಬರ್ ಬೇಡ, ಸೋರುತ್ತೆ. 2 ಮಿ.ಮೀ. ಜರಡಿಯಲ್ಲಿ ಸೋಸಿದ ಹಸಿ ಮಣ್ಣು 10 ಗ್ರಾಂ. ತೇವ 15% ಇದ್ದರೆ ಒಣ ತೂಕ 8.5 ಗ್ರಾಂ. ಒಳಗಿನ ಖಾಲಿ ಜಾಗ ಸುಮಾರು 114 ಮಿಲಿ. ಬಿರಡೆ ಹಾಕಿ ಕ್ರಿಂಪ್ ಮಾಡಿ, 6 ಮಿಲಿ ಗಾಳಿ ಎಳೆದು 6 ಮಿಲಿ ಶುದ್ಧ ಮೀಥೇನ್ ಹಾಕಿ, ಸುಮಾರು 5% ಆಗುತ್ತೆ. ಇದು ಮೀಥೇನಿನ ಕೆಳ ಸ್ಫೋಟ ಮಿತಿಯೇ, ಅಂದರೆ ಗಾಳಿಯಲ್ಲಿ ಇಷ್ಟಿದ್ದರೆ ಕಿಡಿ ತಗುಲಿ ಸಿಡಿಯಬಲ್ಲದು. ಬಾಟಲಿಯೊಳಗಿನ ಪ್ರಮಾಣ ಚಿಕ್ಕದು, ಆದರೂ ಬರ್ನರ್ ಪಕ್ಕ ಇಡಬೇಡಿ.

28–30 ಡಿಗ್ರಿ, ಕತ್ತಲು. 0, 4, 8, 24 ಗಂಟೆಗೆ 0.2 ಮಿಲಿ ಎಳೆದು ಓದಿ, ಎಳೆದಷ್ಟು ಗಾಳಿ ವಾಪಸ್ ಹಾಕಿ, ಇಲ್ಲದಿದ್ದರೆ ಒತ್ತಡ ಇಳಿಯುತ್ತೆ. 25 ಗೇಜ್ ಸೂಜಿ ಬಳಸಿ, ದಪ್ಪ ಸೂಜಿ ಬಿರಡೆಯನ್ನು ಜರಡಿ ಮಾಡುತ್ತೆ.

ಲೆಕ್ಕದ ಉದಾಹರಣೆ: 24 ಗಂಟೆಯಲ್ಲಿ 5%ರಿಂದ 3%ಗೆ ಇಳಿಯಿತು ಅನ್ನಿ. 114 ಮಿಲಿಯ 2% ಅಂದರೆ 2.28 ಮಿಲಿ ಮೀಥೇನ್. 25 ಡಿಗ್ರಿಯಲ್ಲಿ ಒಂದು ಮೋಲ್ ಸುಮಾರು 24.5 ಲೀಟರ್, ಹಾಗಾಗಿ 93 ಮೈಕ್ರೋಮೋಲ್. ಅದನ್ನು 8.5 ಗ್ರಾಂ ಮತ್ತು 24 ಗಂಟೆಯಿಂದ ಭಾಗಿಸಿದರೆ ಗ್ರಾಂಗೆ ಗಂಟೆಗೆ 0.46 ಮೈಕ್ರೋಮೋಲ್.

ಈ ವೇಗಕ್ಕಿಂತ ಮುಖ್ಯವಾಗಿ ನೋಡಬೇಕಾದ್ದು ಶುರುವಾಗುವ ಸಮಯ. ಗ್ಯಾಸ್ ಕಂಡ ಮಣ್ಣು ಮೊದಲ ದಿನದಿಂದಲೇ ಮೀಥೇನ್ ಇಳಿಸುತ್ತೆ. ಕಾಣದ ಮಣ್ಣು ದಿನಗಟ್ಟಲೆ ಸುಮ್ಮನೆ ಕೂತು ಆಮೇಲೆ ಶುರು ಮಾಡುತ್ತೆ, ಅಷ್ಟರಲ್ಲಿ ಬಾಟಲಿಯೊಳಗೇ ಹೊಸ ಬ್ಯಾಕ್ಟೀರಿಯಾ ಬೆಳೆದಿರುತ್ತವೆ. ಎರಡು ವಾರ ಇಟ್ಟು "ಎಲ್ಲ ಮಣ್ಣೂ ಪಾಸಿಟಿವ್" ಅನ್ನುವ ವರದಿಗಳು ಹುಟ್ಟೋದು ಹೀಗೆ. ನಮ್ಮ ಉದ್ದೇಶಕ್ಕೆ ಮೊದಲ 48 ಗಂಟೆ ಸಾಕು.

ಕಂಟ್ರೋಲ್ ಎರಡು ಕಡ್ಡಾಯ. ಒಂದು, ಆಟೋಕ್ಲೇವ್ ಮಾಡಿದ ಮಣ್ಣು, 121 ಡಿಗ್ರಿ 20 ನಿಮಿಷ, ಎರಡು ದಿನ ಸತತ. ಅದರಲ್ಲೂ ಮೀಥೇನ್ ಇಳಿದರೆ ಬಿರಡೆ ಸೋರುತ್ತಿದೆ. ಎರಡು, ಅಸಿಟಿಲೀನ್ 1 ಮಿಲಿ ಹಾಕಿದ ಬಾಟಲಿ. ಅಸಿಟಿಲೀನ್ ಮೀಥೇನ್ ತಿನ್ನುವ ಕಿಣ್ವವನ್ನು ಕೆಡಿಸುತ್ತೆ, ಹಾಗಾಗಿ ಇಳಿಕೆ ನಿಲ್ಲಬೇಕು. ವೆಲ್ಡಿಂಗ್ ಸಿಲಿಂಡರ್‌ನ ಅಸಿಟಿಲೀನ್‌ನಲ್ಲಿ ಅಸಿಟೋನ್ ಆವಿ ಇರುತ್ತೆ, ನೀರಿನ ಮೂಲಕ ಗುಳ್ಳೆ ಹಾಯಿಸಿ ತೆಗೆದುಕೊಳ್ಳಿ.

ಶುದ್ಧ ಮೀಥೇನ್ ಸಿಲಿಂಡರ್ ಇಲ್ಲದವರು ಗೋಬರ್ ಗ್ಯಾಸ್ ಬಳಸಬಹುದಾ ಅಂತ ಕೇಳ್ತಾರೆ. 10% ಕಾಸ್ಟಿಕ್ ಸೋಡಾ ದ್ರಾವಣದ ಮೂಲಕ ಎರಡು ಸಲ ಹಾಯಿಸಿ ಕಾರ್ಬನ್ ಡೈಆಕ್ಸೈಡ್, ಹೈಡ್ರೋಜನ್ ಸಲ್ಫೈಡ್ ಕಳೆದು, ಕ್ರೊಮ್ಯಾಟೋಗ್ರಾಫ್‌ನಲ್ಲಿ ಶುದ್ಧತೆ ಓದಿಕೊಂಡರೆ ಬಳಸಬಹುದು.

ಓದುಗ_ಹಾಸನ

ಪಿಸಿಆರ್ ಇಲ್ಲದ ಡಿಗ್ರಿ ಕಾಲೇಜಿನಲ್ಲಿ ಪ್ಲೇಟ್ ಮೇಲೆ ಬೆಳೆಸಿ ಎಣಿಸಬಹುದಾ?

ಸೀರಂ_ಬಾಟಲಿ

ಪ್ಲೇಟ್‌ಗಿಂತ ಟ್ಯೂಬ್‌ನಲ್ಲಿ ಎಂಪಿಎನ್ ಮಾಡಿ, ಅಂದರೆ ಮಣ್ಣನ್ನು ಹಂತಹಂತವಾಗಿ ತೆಳುವಾಗಿಸಿ ಎಷ್ಟು ಟ್ಯೂಬ್‌ನಲ್ಲಿ ಬೆಳೆಯುತ್ತೆ ಅಂತ ನೋಡಿ ಸಂಖ್ಯೆ ಅಂದಾಜಿಸೋದು. ನೈಟ್ರೇಟ್ ಮಿನರಲ್ ಸಾಲ್ಟ್ಸ್ ಮಾಧ್ಯಮ, ಲೀಟರಿಗೆ ಪೊಟ್ಯಾಸಿಯಂ ನೈಟ್ರೇಟ್ 1 ಗ್ರಾಂ, ಮೆಗ್ನೀಸಿಯಂ ಸಲ್ಫೇಟ್ 1 ಗ್ರಾಂ, ಕ್ಯಾಲ್ಸಿಯಂ ಕ್ಲೋರೈಡ್ 0.2 ಗ್ರಾಂ, ಲೇಶ ಧಾತುಗಳ ದ್ರಾವಣ, ಅದರಲ್ಲಿ ತಾಮ್ರ ಇರಲೇಬೇಕು. ಪಿಎಚ್ 6.8ಕ್ಕೆ ಫಾಸ್ಫೇಟ್ ಬಫರ್, ಅದನ್ನು ಬೇರೆ ಆಟೋಕ್ಲೇವ್ ಮಾಡಿ ತಣ್ಣಗಾದ ಮೇಲೆ ಬೆರೆಸಿ, ಇಲ್ಲದಿದ್ದರೆ ಬಿಳಿ ಗಸಿ ಕೂರುತ್ತೆ. ಸಕ್ಕರೆ, ಯೀಸ್ಟ್ ಎಕ್ಸ್‌ಟ್ರಾಕ್ಟ್ ಏನೂ ಬೇಡ, ಮೀಥೇನೊಂದೇ ಇಂಗಾಲದ ಮೂಲ.

10⁻²ರಿಂದ 10⁻⁷ವರೆಗೆ ತೆಳುವಾಗಿಸಿ, ಪ್ರತಿ ಹಂತಕ್ಕೆ ಐದು ಟ್ಯೂಬ್, 20% ಮೀಥೇನ್, ಉಳಿದದ್ದು ಗಾಳಿ, 30 ಡಿಗ್ರಿ, ನಾಲ್ಕು ವಾರ. ಅಷ್ಟೇ ಟ್ಯೂಬ್‌ಗಳು ಮೀಥೇನ್ ಇಲ್ಲದೆಯೂ. ಮಸುಕಾಗಿದೆ ಅಂತಷ್ಟೇ ನೋಡಿ ಪಾಸಿಟಿವ್ ಬರೆಯಬೇಡಿ, ಮೀಥೇನ್ ಇಳಿದಿದೆಯಾ ಅಂತ ಓದಿ. ಮೀಥೇನೋಟ್ರೋಫ್ ಹೊರಚೆಲ್ಲಿದ ಮೆಥನಾಲ್ ತಿಂದು ಬೇರೆಯವೂ ಬೆಳೆಯುತ್ತವೆ. ಪ್ಲೇಟ್ ಮೇಲಂತೂ ಅಗರ್‌ನ ಕಲ್ಮಶ ತಿಂದೇ ನೂರಾರು ಕಾಲೊನಿ ಬರುತ್ತವೆ. 20% ಅಂದರೆ ಮೇಲಿನ ಸ್ಫೋಟ ಮಿತಿಯಾದ 15%ಗಿಂತ ಜಾಸ್ತಿ, ಆದರೆ ಜಾರ್ ತೆರೆದ ಕೂಡಲೇ ಗಾಳಿ ಬೆರೆತು ಆ ಮಿತಿಯೊಳಗೆ ಬರುತ್ತೆ. ಫ್ಯೂಮ್ ಹುಡ್‌ನಲ್ಲಿ ತೆರೆಯಿರಿ.

ಕಡಲಂಚು

ಕರಾವಳಿಯವರಿಗೆ ಒಂದು ಸೇರ್ಪಡೆ. ಮಂಗಳೂರಿನ ಪಚ್ಚನಾಡಿಯಲ್ಲಿ 2019ರ ಆಗಸ್ಟ್ ಮಳೆಗೆ ಕಸದ ರಾಶಿಯೇ ಜಾರಿ ಪಕ್ಕದ ಮಂದಾರ ಎಂಬ ಊರಿನ ತೋಟಗಳ ಮೇಲೆ ಬಂದಿತ್ತು. ಇಂಥ ಕಡೆ "ಗುಡ್ಡೆಯ ಅಂಚು" ಅನ್ನೋದೇ ಸರಿದಿರುತ್ತೆ, ಮಣ್ಣಿನಡಿ ಹೂತ ಕಸದ ಮೇಲೇ ಸ್ಯಾಂಪಲ್ ತೆಗೆಯುವ ಅಪಾಯ ಇದೆ. ಮುರಕಲ್ಲಿನ ನೆಲದಲ್ಲಿ ಬೆರಳು ಹೋಗುವಷ್ಟು ಗೂಡುಗಳಿರುತ್ತವೆ, ಗ್ಯಾಸ್ ಅದರಲ್ಲೇ ಓಡುತ್ತೆ. ಕಲ್ಲು ಪುಡಿ ಮಾಡಿ ಕೊಡುವ ಬದಲು ಆ ಗೂಡಿನ ಗೋಡೆಗೆ ಮೆತ್ತಿದ ಜೇಡಿಯನ್ನು ಕೆರೆದು ತೆಗೆಯಿರಿ, ಬ್ಯಾಕ್ಟೀರಿಯಾ ಕೂರೋದು ಅಲ್ಲಿ. ಅಡಿಕೆ ತೋಟಕ್ಕೆ ಸಗಣಿ ಗೊಬ್ಬರ ಹಾಕಿದ್ದರೆ ಎಂಸಿಆರ್‌ಎ ಹೇಗೂ ಏರಿರುತ್ತೆ, ಬುಡದಿಂದ ದೂರ ಸರಿದು ತೆಗೆಯಿರಿ.

ಕ್ವಾರಿ_ಅಂಚು

ಇನ್‌ಫ್ರಾರೆಡ್ ಮೀಟರ್‌ನಲ್ಲಿ ಮಧ್ಯಾಹ್ನ 3ಕ್ಕೆ ಅಳೆದಾಗ, ಒಣಗಿದ ಪಟ್ಟಿಯಲ್ಲಿ 1 ಮೀಟರ್ ಆಳದಲ್ಲಿ ಮೀಥೇನ್ 2.1%. 60 ಮೀಟರ್‌ನಲ್ಲಿ ಸೊನ್ನೆ. ಮಣ್ಣಿನ ಫಲಿತಾಂಶಕ್ಕೆ ಮೂರು ವಾರ ಅಂತಿದ್ದಾರೆ. ಅಲ್ಲಿವರೆಗೆ ಕಾಯೋದಾ?

ಪ್ರೋಬ್_ಪಂಪ್

ಕಾಯಬೇಡಿ. ಲ್ಯಾಂಡ್‌ಫಿಲ್ ಜಾಗದಲ್ಲಿ ಮೀಥೇನ್ ಕೆಳ ಸ್ಫೋಟ ಮಿತಿಯ 25% ಮೀರಬಾರದು ಅಂತ ಘನತ್ಯಾಜ್ಯ ನಿರ್ವಹಣಾ ನಿಯಮ 2016ರಲ್ಲಿ ಇತ್ತು. ಆ ಮಿತಿ 5%, ಅದರ ಕಾಲುಭಾಗ 1.25%. ನಿಮ್ಮ ಅಂಕಿ ಅದನ್ನು ದಾಟಿದೆ. ಮಾಲಿನ್ಯ ನಿಯಂತ್ರಣ ಮಂಡಳಿಗೂ ಪಾಲಿಕೆಗೂ ಲಿಖಿತವಾಗಿ ಕೊಡಿ. ಜೊತೆಗೆ ತೂತಿನ ಜಾಗ, ಆಳ, ಸಮಯ, ವಾಯುಭಾರ, ಮೀಟರ್‌ನ ಕ್ಯಾಲಿಬ್ರೇಷನ್ ದಿನಾಂಕ ಬರೆದಿರಲಿ.

ಇವತ್ತೇ ಮಾಡಬೇಕಾದ್ದು: ಲೇಔಟ್‌ನಲ್ಲಿ ಅಂಚಿಗೆ ಹತ್ತಿರದ ಮನೆಗಳ ನೀರಿನ ಸಂಪ್, ಬೇಸ್‌ಮೆಂಟ್, ಮೀಟರ್ ಬೋರ್ಡ್ ಇರುವ ಮುಚ್ಚಿದ ಕೋಣೆ, ಬೋರ್‌ವೆಲ್ ಬಾಯಿ, ಒಳಚರಂಡಿ ಚೇಂಬರ್. ಸಂಪ್ ಮುಚ್ಚಳ ಪೂರ್ತಿ ಎತ್ತುವ ಮೊದಲೇ ಅಂಚು ಸ್ವಲ್ಪ ಸರಿಸಿ ಟ್ಯೂಬ್ ಇಳಿಸಿ ಓದಿ. ಮೋಟರ್ ಸ್ವಿಚ್ ಆ ಹೊತ್ತಿಗೆ ಮುಟ್ಟಬೇಡಿ. ಸಂಪ್‌ಗೆ ಇಳಿದು ತೊಳೆಯುವವರಿಗೆ ಮೀಥೇನ್‌ಗಿಂತ ಮೊದಲು ಕುತ್ತು ತರೋದು ಕಾರ್ಬನ್ ಡೈಆಕ್ಸೈಡ್ ಮತ್ತು ಆಮ್ಲಜನಕದ ಕೊರತೆ. ಆಮ್ಲಜನಕ 19.5%ಗಿಂತ ಕಡಿಮೆ ಇದ್ದರೆ ಯಾರೂ ಇಳಿಯಕೂಡದು.

ಮೀಥೇನ್‌ಮುಕ್ಕ

ಇದಕ್ಕೆ ನನ್ನ ತಕರಾರಿಲ್ಲ. ಮೀಥೇನ್ ಅಂಕಿ ಕೈಯಲ್ಲಿದ್ದ ಮೇಲೆ ಆ ಪಟ್ಟಿಯ ಮಟ್ಟಿಗೆ ಬ್ಯಾಕ್ಟೀರಿಯಾ ಬೇಕಿಲ್ಲ. ಈಗ ಅದರ ಕೆಲಸ 60ರಿಂದ 120 ಮೀಟರ್ ನಡುವೆ, ಅಂದರೆ ಮೀಟರ್ ಸೊನ್ನೆ ತೋರಿಸಿದ ಕಡೆ. ಅಲ್ಲಿ ಪಿಎಂಒಎ ಹಿನ್ನೆಲೆ ಮಟ್ಟದಲ್ಲೇ ಇದ್ದು ಬಾಟಲಿಯೂ ಎರಡು ದಿನ ಅಲುಗಾಡದಿದ್ದರೆ ಗ್ಯಾಸ್ ಅಲ್ಲಿಗೆ ಬರುತ್ತಿಲ್ಲ ಎನ್ನಲು ಒಳ್ಳೆ ಆಧಾರ, ಮಣ್ಣಿನ ಪದರದ ಮಟ್ಟಿಗೆ. ಜೀನ್ ಹೆಚ್ಚಿದ್ದು ಬಾಟಲಿಯೂ ತಕ್ಷಣ ಇಳಿದರೆ, ಮೀಟರ್ ಸೊನ್ನೆ ಅಂದರೂ ಅಲ್ಲಿ ಶಾಶ್ವತ ಮಾನಿಟರಿಂಗ್ ಬಾವಿ ಬೇಕು. ಜೀನ್ ಹೆಚ್ಚು, ಬಾಟಲಿ ತಣ್ಣಗೆ ಅಂದರೆ ಹಳೇ ಗುರುತು, ಅಥವಾ ಒಣಗಿದ ಮಣ್ಣು, ಅಥವಾ ಅಮೋನಿಯಂ. ಆಗ ತೇವ ಸರಿಪಡಿಸಿ ಒಂದು ಸಲ ಮರುಪರೀಕ್ಷೆ ಮಾಡಿಸಿ.

ಬಿರುಕುಬಂಡೆ

"ಮಣ್ಣಿನ ಪದರದ ಮಟ್ಟಿಗೆ" ಅನ್ನೋದನ್ನ ದಪ್ಪಕ್ಷರದಲ್ಲಿ ಬರೀರಿ. ಮಣ್ಣಡಿ ಸೀಳಿನಲ್ಲಿ ಹರಿದು ನೇರ ಬೋರ್‌ವೆಲ್ ಕೇಸಿಂಗ್‌ಗೆ ನುಗ್ಗುವ ಗ್ಯಾಸ್‌ಗೆ ಈ ಬ್ಯಾಕ್ಟೀರಿಯಾ ಸಾಕ್ಷಿ ಹೇಳಲ್ಲ. ಮಾನಿಟರಿಂಗ್ ಬಾವಿ ಕೊರೆಸುವುದಾದರೆ ಬಂಡೆಯೊಳಗೆ ಕನಿಷ್ಠ ಕಸದ ತಳದ ಮಟ್ಟದವರೆಗೆ, ನಿಮ್ಮಲ್ಲಿ 15 ಮೀಟರ್‌ವರೆಗೆ ಹೋಗಲಿ. ಕೇಸಿಂಗ್‌ನಲ್ಲಿ ಮೇಲಿನ ಒಂದು ಮೀಟರ್ ಬಿಟ್ಟು ಕೆಳಗೆಲ್ಲ ಸೀಳು ಕೊಯ್ದ ಪೈಪ್, ಸುತ್ತ ಜಲ್ಲಿ, ಮೇಲೆ ಬೆಂಟೋನೈಟ್ ಸೀಲ್, ಬಾಯಿಗೆ ಗ್ಯಾಸ್ ಟ್ಯಾಪ್.

ಕ್ವಾರಿ_ಅಂಚು

ಸರಿ. ಸಮಾನಾಂತರ ಗೆರೆ 60 ಮತ್ತು 90 ಮೀಟರ್‌ನಲ್ಲಿ ಎಳೀತೀವಿ. ಡಿಎನ್‌ಎ ಸ್ಯಾಂಪಲ್ ಹೈದರಾಬಾದ್ ಲ್ಯಾಬ್‌ಗೆ ರಾತ್ರಿ ಬಸ್ಸಲ್ಲಿ ಕಳಿಸಬಹುದಾ, ಡ್ರೈ ಐಸ್ ಸಿಗ್ತಿಲ್ಲ.

ಕೆಂಪುಮಣ್ಣು

ಒಂದು ಸಲ ಫ್ರೀಜ್ ಮಾಡಿದ್ದನ್ನು ದಾರಿಯಲ್ಲಿ ಕರಗಲು ಬಿಡೋದಕ್ಕಿಂತ ಫ್ರೀಜ್ ಮಾಡದೆ 4 ಡಿಗ್ರಿಯಲ್ಲೇ ಕಳಿಸೋದು ಮೇಲು. ಥರ್ಮೋಕೋಲ್ ಡಬ್ಬಿ, ನಾಲ್ಕೂ ಕಡೆ ಜೆಲ್ ಪ್ಯಾಕ್, ನಡುವೆ ಟ್ಯೂಬ್‌ಗಳು ಜಿಪ್ ಕವರ್ ಒಳಗೆ, ಐಸ್ ನೀರು ತಾಗದಂತೆ. ಡಬ್ಬಿಯ ಒಳಗೆ ಒಂದು ಥರ್ಮಾಮೀಟರ್ ಹಾಕಿ, ತಲುಪಿದಾಗಿನ ಅಂಕಿ ಲ್ಯಾಬ್‌ನವರಿಂದ ಬರೆಸಿಕೊಳ್ಳಿ. ಇಲ್ಲವೇ ಡಿಎನ್‌ಎಯನ್ನು ಬೆಂಗಳೂರಲ್ಲೇ ತೆಗೆಸಿ, ಅದನ್ನಷ್ಟೇ ಕಳಿಸಿ. ಶುದ್ಧ ಮಾಡಿದ ಡಿಎನ್‌ಎ ಒಂದು ರಾತ್ರಿ ಬಸ್ಸಿನಲ್ಲಿ ಕೂತರೆ ಏನೂ ಆಗಲ್ಲ.